ಲೆಕ್ಕಕ್ಕಿಲ್ಲದ ಲಾಭಕ್ಕೆ ಬೆಲೆ ಕಟ್ಟುವವರಾರು?

ಬೆಂಗಳೂರು: ‘ನಡೆಯುತ್ತಿರುವ ಹೋಟೆಲ್ ಮಾರಾಟಕ್ಕಿದೆ. ಉತ್ತಮ ವ್ಯಾಪಾರ. ವೈಯಕ್ತಿಕ ಕಾರಣದಿಂದ ಮಾರಲಾಗುತ್ತಿದೆ.’ ಪತ್ರಿಕೆಗಳ ವರ್ಗೀಕೃತ ಜಾಹೀರಾತು ಪುಟಗಳಲ್ಲಿ ದಶಕಗಳಿಂದ ಕಾಣುತ್ತಿರುವ ಈ ಮೂರು ಸಾಲುಗಳ ಹಿಂದೆ ಸಾಮಾನ್ಯವಾಗಿ ಒಂದು ಕುಟುಂಬದ ಇಪ್ಪತ್ತು–ಮೂವತ್ತು ವರ್ಷಗಳ ದುಡಿಮೆ ಇರುತ್ತದೆ. ಮಾಲೀಕರಿಗೆ ವಯಸ್ಸಾಗಿದೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಮುಂದಿನ ತಲೆಮಾರಿಗೆ ಮನಸ್ಸಿಲ್ಲ. ಇನ್ನೊಂದೆಡೆ, ಉಳಿತಾಯದ ಹಣ, ಊರಿನ ಜಮೀನು ಮಾರಿದ ಹಣ ಅಥವಾ ಸ್ವಯಂ ನಿವೃತ್ತಿಯಿಂದ ಬಂದ ಹಣ ಹಿಡಿದು, ಹೊಸದಾಗಿ ಆರಂಭಿಸುವುದಕ್ಕಿಂತ ನಡೆಯುತ್ತಿರುವುದನ್ನು ಕೊಳ್ಳುವುದೇ ಲೇಸೆಂದು ಹುಡುಕುವವರೂ ಇದ್ದಾರೆ.

ಮಾರುವವನೂ ಇದ್ದಾನೆ, ಕೊಳ್ಳುವವನೂ ಇದ್ದಾನೆ. ಆದರೂ ಇಂತಹ ವ್ಯವಹಾರಗಳು ಮಾತುಕತೆಯ ನಡುವೆಯೇ ಮುರಿದು ಬೀಳುವುದು, ಇಲ್ಲವೇ ಕೈ ಬದಲಾದ ಒಂದೆರಡು ವರ್ಷಗಳಲ್ಲಿ ಬಾಗಿಲು ಮುಚ್ಚುವುದು ಅಪರೂಪವೇನಲ್ಲ. ಬೆಲೆ ಹೆಚ್ಚಾಯಿತೆಂಬುದು ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಕಾರಣ. ಆದರೆ ಸಮಸ್ಯೆಯ ಮೂಲ ಬೆಲೆಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ವರ್ಷಗಟ್ಟಲೆ ಪುಸ್ತಕದಿಂದ ಹೊರಗಿಟ್ಟ ಲಾಭವನ್ನು ಮಾರಾಟದ ದಿನ ಬೆಲೆಯೊಳಗೆ ಸೇರಿಸಲು ಮಾಲೀಕ ಬಯಸುತ್ತಾನೆ. ಆ ಲಾಭಕ್ಕೆ ಬ್ಯಾಂಕು ಸಾಲ ಕೊಡದು, ಕಾನೂನು ರಕ್ಷಣೆ ನೀಡದು.

ಸಾಂಖ್ಯಿಕ ಸಚಿವಾಲಯದ 2023–24ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಂಪನಿಯಾಗಿ ನೋಂದಣಿಯಾಗದ, ಕೃಷಿಯೇತರ ಸಣ್ಣ ಉದ್ದಿಮೆಗಳ ಸಂಖ್ಯೆ 7.34 ಕೋಟಿ. ಅವುಗಳಲ್ಲಿ ದುಡಿಯುವವರು 12 ಕೋಟಿಗೂ ಹೆಚ್ಚು. ಕಿರಾಣಿ ಅಂಗಡಿ, ಬೇಕರಿ, ದರ್ಶಿನಿ, ಮುದ್ರಣಾಲಯ, ಲೇತ್ ಯಂತ್ರಗಳ ಕಾರ್ಖಾನೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವು ಒಬ್ಬರಿಂದ ಇನ್ನೊಬ್ಬರಿಗೆ ಸುಸೂತ್ರವಾಗಿ ಹಸ್ತಾಂತರವಾಗುವುದು ಮಾಲೀಕರ ಖಾಸಗಿ ವಿಷಯ ಮಾತ್ರವಲ್ಲ, ಅಲ್ಲಿ ದುಡಿಯುವವರ ಅನ್ನದ ಪ್ರಶ್ನೆಯೂ ಹೌದು.

ಮಾರುವುದಾದರೂ ಏನನ್ನು?

ಮನೆ ಮಾರುವವನು ಇಟ್ಟಿಗೆ–ಗಾರೆ ತೋರಿಸಬಲ್ಲ. ಬಾಡಿಗೆ ಮಳಿಗೆಯಲ್ಲಿ ನಡೆಯುವ ಅಂಗಡಿಯ ಮಾಲೀಕನಿಗೆ ಆ ಅನುಕೂಲವಿಲ್ಲ. ಹಳೆಯ ಪಾತ್ರೆ, ಗ್ರೈಂಡರ್, ಫ್ರಿಜ್, ಮರದ ಕಪಾಟು ಹಾಗೂ ಕಟ್ಟಡದ ಮಾಲೀಕನ ಬಳಿ ಇರುವ ಮುಂಗಡವನ್ನು ಕೂಡಿದರೆ ಕೇಳುವ ಬೆಲೆಯ ಅರ್ಧವೂ ಆಗುವುದಿಲ್ಲ. ಉಳಿದದ್ದು ಹೆಸರಿನ ಬೆಲೆ. ವ್ಯಾಪಾರಿಗಳು ಅದನ್ನು ಗುಡ್‌ವಿಲ್ ಎನ್ನುತ್ತಾರೆ. ಹಳೆಯ ಗಿರಾಕಿ ನಾಳೆಯೂ ಅದೇ ಬಾಗಿಲಿಗೆ ಬರುತ್ತಾನೆಂಬ ನಂಬಿಕೆಗೆ ಕೊಡುವ ಹಣ ಅದು.

ಈ ಹೆಸರಿನ ಬೆಲೆಯ ಬಗ್ಗೆ ಇಡೀ ದೇಶಕ್ಕೆ ಅನ್ವಯವಾದ ತೀರ್ಪೊಂದಕ್ಕೆ ಕಾರಣವಾದದ್ದು ಬೆಂಗಳೂರಿನ ಅಗರಬತ್ತಿ ತಯಾರಿಕಾ ಸಂಸ್ಥೆ. 1954ರಲ್ಲಿ ರೂಪುಗೊಂಡ ಆ ಪಾಲುದಾರಿಕೆ ಸಂಸ್ಥೆ 1965ರಲ್ಲಿ ವಿಸರ್ಜನೆಗೊಂಡು ಇನ್ನೊಂದು ಪಾಲುದಾರಿಕೆಗೆ ಮಾರಾಟವಾದಾಗ ಅದರ ಗುಡ್‌ವಿಲ್‌ಗೆ ಕಟ್ಟಲಾದ ಬೆಲೆ ರೂ. 1.5 ಲಕ್ಷ. ಆ ಮೊತ್ತಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆಯೇ ಎಂಬ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಉದ್ಯಮದೊಳಗೇ ತಾನಾಗಿ ಬೆಳೆದ ಹೆಸರಿಗೆ ‘ಕೊಂಡ ಬೆಲೆ’ ಎಂಬುದೇ ಇರುವುದಿಲ್ಲ, ಆದ್ದರಿಂದ ತೆರಿಗೆ ಲೆಕ್ಕ ಹಾಕಲು ಸಾಧ್ಯವಿಲ್ಲ ಎಂದು ನ್ಯಾಯಾಲಯ 1981ರಲ್ಲಿ ತೀರ್ಪಿತ್ತಿತು. ತೆರಿಗೆ ವಲಯದಲ್ಲಿ ಇಂದಿಗೂ ಉಲ್ಲೇಖವಾಗುವ ಶ್ರೀನಿವಾಸ ಶೆಟ್ಟಿ ಪ್ರಕರಣ ಇದೇ. ಸರ್ಕಾರ 1987ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಇಂತಹ ಗುಡ್‌ವಿಲ್‌ನ ಕೊಂಡ ಬೆಲೆಯನ್ನು ಶೂನ್ಯವೆಂದು ಪರಿಗಣಿಸಿತು. ಪರಿಣಾಮವಾಗಿ ಇಂದು ಆ ಬಾಬ್ತಿನಲ್ಲಿ ಬರುವ ಇಡೀ ಮೊತ್ತ ಲಾಭವೇ ಆಗುತ್ತದೆ.

ಹೆಸರು ಮಾರಿದವನು ಎದುರಿನ ಮಳಿಗೆಯಲ್ಲೇ ಮತ್ತೆ ಅದೇ ವ್ಯಾಪಾರ ತೆರೆದರೆ ಕೊಂಡವನ ಗತಿಯೇನು? 1872ರ ಕರಾರು ಕಾಯ್ದೆಯ 27ನೇ ಕಲಂ ಯಾವುದೇ ವ್ಯಕ್ತಿಯ ಕಸುಬಿಗೆ ತಡೆಯೊಡ್ಡುವ ಒಪ್ಪಂದ ಅಸಿಂಧುವೆನ್ನುತ್ತದೆ. ಅದಕ್ಕೆ ಅದೇ ಕಲಂ ಕೊಟ್ಟಿರುವ ವಿನಾಯಿತಿ ಗುಡ್‌ವಿಲ್ ಮಾರಾಟದ್ದು. ನಿರ್ದಿಷ್ಟ ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲವೆಂದು ಮಾರಿದವನು ಬರೆದುಕೊಡಬಹುದು, ಆ ಮಿತಿ ನ್ಯಾಯಸಮ್ಮತವಾಗಿರಬೇಕು. ಆದರೆ ಗುಡ್‌ವಿಲ್ ಹಣವನ್ನು ಕಾಗದದಲ್ಲಿ ಕಾಣಿಸದೆ ನಗದಾಗಿ ಕೈಗಿತ್ತರೆ, ಮಾರಾಟವಾದದ್ದು ಪಾತ್ರೆ–ಕಪಾಟು ಮಾತ್ರವೆಂದಾಗುತ್ತದೆ. ಆಗ ಈ ವಿನಾಯಿತಿಯ ಆಸರೆ ಕೊಂಡವನಿಗೆ ಸಿಗುವುದು ಕಷ್ಟ. ತೆರಿಗೆ ಉಳಿಸಲು ಹೋಗಿ ರಕ್ಷಣೆಯನ್ನೇ ಕಳೆದುಕೊಂಡಂತೆ.

ಎರಡು ಲೆಕ್ಕ, ಎರಡು ಬೆಲೆ

ಒಂದು ಕಾಲ್ಪನಿಕ ಉದಾಹರಣೆಯಿಂದ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ನಗರದ ಬಡಾವಣೆಯೊಂದರ ದರ್ಶಿನಿಗೆ ಮಾಲೀಕರು ಕೇಳುವ ಬೆಲೆ ರೂ. 40 ಲಕ್ಷವೆಂದುಕೊಳ್ಳೋಣ. ಅದರಲ್ಲಿ ಉಪಕರಣಗಳ ಇಂದಿನ ಬೆಲೆ ರೂ. 9 ಲಕ್ಷ, ಕಟ್ಟಡದ ಮುಂಗಡ ರೂ. 6 ಲಕ್ಷ, ದಾಸ್ತಾನು ರೂ. 1 ಲಕ್ಷ. ಉಳಿದ ರೂ. 24 ಲಕ್ಷ ಗುಡ್‌ವಿಲ್. ತಿಂಗಳಿಗೆ ರೂ. 1.2 ಲಕ್ಷ ಉಳಿಯುತ್ತದೆಂಬುದು ಮಾಲೀಕರ ಮಾತು. ಆದಾಯ ತೆರಿಗೆ ವಿವರದಲ್ಲಿರುವುದು ರೂ. 60 ಸಾವಿರ.

ಮಾಲೀಕರೇ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿಂತು ದುಡಿಯುವ ಅಂಗಡಿಯಲ್ಲಿ ಅವರ ದುಡಿಮೆಗೂ ಸಂಬಳವಿದೆ ಎಂಬುದನ್ನು ಖರೀದಿದಾರರು ಮರೆಯುವುದೇ ಹೆಚ್ಚು. ಆ ಕೆಲಸಕ್ಕೆ ವ್ಯವಸ್ಥಾಪಕರನ್ನು ನೇಮಿಸಿದರೆ ತಿಂಗಳಿಗೆ ರೂ. 30 ಸಾವಿರವೆಂದು ಕಳೆದರೆ, ಮಾತಿನ ಪ್ರಕಾರ ಉದ್ಯಮದ ನಿಜ ಲಾಭ ವರ್ಷಕ್ಕೆ ರೂ. 10.8 ಲಕ್ಷ, ಪುಸ್ತಕದ ಪ್ರಕಾರ ರೂ. 3.6 ಲಕ್ಷ. ಮೊದಲನೆಯ ಲೆಕ್ಕದಲ್ಲಿ ಗುಡ್‌ವಿಲ್ ಹಣ ಸುಮಾರು ಎರಡೂಕಾಲು ವರ್ಷದಲ್ಲಿ ಮರಳುತ್ತದೆ. ಎರಡನೆಯದರಲ್ಲಿ ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ಅಂಗಡಿಯೊಂದೇ, ಬೆಲೆ ಮಾತ್ರ ಒಂದು ಲೆಕ್ಕದಲ್ಲಿ ಸೋವಿ, ಇನ್ನೊಂದರಲ್ಲಿ ದುಬಾರಿ.

ಈಗ ಖರೀದಿದಾರ ರೂ. 20 ಲಕ್ಷ ಸಾಲಕ್ಕಾಗಿ ಬ್ಯಾಂಕಿಗೆ ಹೋಗುತ್ತಾನೆ. ಶೇ 11ರ ಬಡ್ಡಿ, ಐದು ವರ್ಷದ ಅವಧಿಯೆಂದರೆ ತಿಂಗಳ ಕಂತು ಸುಮಾರು ರೂ. 43,500. ಬ್ಯಾಂಕಿನ ಮೇಜಿನ ಮೇಲಿರುವ ಕಾಗದದಲ್ಲಿ ತಿಂಗಳ ಲಾಭ ರೂ. 60 ಸಾವಿರ. ಕಂತು ಹೋಗಿ ಉಳಿಯುವ ರೂ. 16,500ರಲ್ಲಿ ಒಂದು ಸಂಸಾರ ನಡೆಯಬೇಕು. ಅರ್ಜಿ ತಿರಸ್ಕೃತವಾದರೆ ಬ್ಯಾಂಕಿನವರನ್ನು ದೂರಿ ಫಲವಿಲ್ಲ. ಇದೇ ಅಂಗಡಿಯ ಪುಸ್ತಕದಲ್ಲಿ ರೂ. 1.2 ಲಕ್ಷವೇ ದಾಖಲಾಗಿದ್ದರೆ ಉಳಿಯುವುದು ರೂ. 76,500, ಆಗ ಅರ್ಜಿಯ ಕತೆಯೇ ಬೇರೆ. ಮಾಲೀಕರು ತೋರಿಸುವ ಹೆಚ್ಚುವರಿ ಲಾಭ ಸುಳ್ಳಲ್ಲದಿರಬಹುದು. ಆದರೆ ಖರೀದಿದಾರನಿಗೂ ಬ್ಯಾಂಕಿಗೂ ಅದು ಕನ್ನಡಿಯೊಳಗಿನ ಗಂಟು.

ಹುಟ್ಟಿಗೆ ನೆರವು, ಹಸ್ತಾಂತರಕ್ಕಿಲ್ಲ

ಸಣ್ಣ ಉದ್ಯಮಗಳಿಗೆ ಸಾಲದ ಯೋಜನೆಗಳಿಗೆ ಕೊರತೆಯಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ರೂ. 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಹಿಂದಿನ ‘ತರುಣ್’ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರ ಅಕ್ಟೋಬರ್‌ನಿಂದ ಈ ಮಿತಿ ರೂ. 20 ಲಕ್ಷಕ್ಕೇರಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಖಾತರಿ ನಿಧಿ ಟ್ರಸ್ಟ್ ನೀಡುವ ಖಾತರಿಯ ಮಿತಿ 2025ರ ಏಪ್ರಿಲ್ 1ರಿಂದ ರೂ. 10 ಕೋಟಿಗೆ ಹೆಚ್ಚಿದೆ. ರಾಜ್ಯದಲ್ಲಿ 1959ರಿಂದಲೂ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ (ಕೆಎಸ್‌ಎಫ್‌ಸಿ) ಇದೆ.

ಆದರೆ ಈ ಯೋಜನೆಗಳ ದೃಷ್ಟಿಯೆಲ್ಲ ಉದ್ಯಮದ ಹುಟ್ಟು ಮತ್ತು ವಿಸ್ತರಣೆಯ ಮೇಲಿದೆ. ಹಸ್ತಾಂತರದ ಕಡೆಗೆ ಅದು ಹೊರಳುವುದಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಸಹಾಯಧನ ಮುಖ್ಯವಾಗಿ ಹೊಸ ಘಟಕಗಳಿಗೆ. ಈಗಾಗಲೇ ನಡೆಯುತ್ತಿರುವ ಘಟಕವನ್ನು ಕೊಳ್ಳುವವನಿಗೆ ಅದರಲ್ಲಿ ಪಾಲಿಲ್ಲ. ಪರಿಶಿಷ್ಟರು ಹಾಗೂ ಮಹಿಳೆಯರಿಗಾಗಿ 2016ರಲ್ಲಿ ಆರಂಭವಾದ ‘ಸ್ಟ್ಯಾಂಡ್ ಅಪ್ ಇಂಡಿಯಾ’ ಕೂಡ ಹೊಸದಾಗಿ ಸ್ಥಾಪಿಸುವ ಉದ್ಯಮಗಳಿಗೆಂದೇ ರೂಪಿತವಾಗಿತ್ತು. ಹತ್ತು ಜನ ದುಡಿಯುತ್ತಿರುವ ಬೇಕರಿಯೊಂದು ಮುಚ್ಚಿಹೋಗಿ, ಪಕ್ಕದ ಬೀದಿಯಲ್ಲಿ ಹತ್ತು ಜನರ ಹೊಸ ಬೇಕರಿ ತೆರೆದರೆ ಸರ್ಕಾರದ ಕಡತದಲ್ಲಿ ಅದು ಹತ್ತು ಉದ್ಯೋಗಗಳ ಸೃಷ್ಟಿ. ಇದ್ದ ಬೇಕರಿಯನ್ನೇ ಯುವಕನೊಬ್ಬ ಕೊಂಡು ಉಳಿಸಿಕೊಂಡರೆ ಅದು ಯಾವ ಕಡತಕ್ಕೂ ಸೇರುವುದಿಲ್ಲ.

ಬ್ಯಾಂಕುಗಳ ಹಿಂಜರಿಕೆಗೂ ಕಾರಣವಿದೆ. ಯಂತ್ರಕ್ಕೆ ಸಾಲ ಕೊಟ್ಟರೆ ಯಂತ್ರವನ್ನು ಈಡಾಗಿ ಬರೆಸಿಕೊಳ್ಳಬಹುದು. ಸಾಲ ಮರುಪಾವತಿಯಾಗದಿದ್ದರೆ ಹಳೆಯ ಗಿರಾಕಿಗಳನ್ನು ಹರಾಜು ಹಾಕಲಾಗದು. ಹೀಗಾಗಿ ಉಪಕರಣ ಮತ್ತು ದುಡಿಯುವ ಬಂಡವಾಳಕ್ಕೆ ಸಾಲ ದೊರೆತರೂ ಗುಡ್‌ವಿಲ್‌ನ ಭಾಗ ಖರೀದಿದಾರನ ತಲೆಯ ಮೇಲೆ ಉಳಿಯುತ್ತದೆ. ಅದಕ್ಕಾಗಿ ಅವನು ಮನೆಯನ್ನು ಅಡವಿಡುತ್ತಾನೆ, ಚಿನ್ನದ ಮೇಲೆ ಸಾಲ ತೆಗೆಯುತ್ತಾನೆ, ಚೀಟಿ ಎತ್ತುತ್ತಾನೆ ಅಥವಾ ಕೈಸಾಲಕ್ಕೆ ಮೊರೆಹೋಗುತ್ತಾನೆ.

ಮಾರಿದವನೇ ಸಾಲಗಾರ

ಈ ಕೊರತೆಯನ್ನು ಪೇಟೆ ತನ್ನದೇ ರೀತಿಯಲ್ಲಿ ತುಂಬಿಕೊಂಡಿದೆ. ಬೆಲೆಯ ಒಂದು ಭಾಗವನ್ನು ಮಾರಾಟಗಾರ ಕಂತುಗಳಲ್ಲಿ ಪಡೆಯಲು ಒಪ್ಪುತ್ತಾನೆ. ಅಂದರೆ ಸಾಲ ಕೊಡುವವನು ಅವನೇ ಆಗುತ್ತಾನೆ. ಇದರಲ್ಲಿ ದೊಡ್ಡ ಗುಣವೊಂದಿದೆ. ತನ್ನ ಅಂಗಡಿಯ ಲಾಭದ ಬಗ್ಗೆ ಆಡಿದ ಮಾತು ನಿಜವಾಗಿದ್ದರೆ ಮಾತ್ರ ಮಾರಾಟಗಾರ ಕಂತಿಗೆ ಧೈರ್ಯ ಮಾಡುತ್ತಾನೆ. ಇಡೀ ಹಣ ಮೊದಲೇ ಬೇಕೆಂದು ಪಟ್ಟು ಹಿಡಿದರೆ ಆ ಪಟ್ಟೇ ಖರೀದಿದಾರನಿಗೆ ಒಂದು ಸೂಚನೆ.

ಮೇಲಿನ ದರ್ಶಿನಿಯ ಬೆಲೆ ಚೌಕಾಸಿಯ ನಂತರ ರೂ. 34 ಲಕ್ಷಕ್ಕೆ ಇಳಿಯಿತೆನ್ನೋಣ. ಸ್ವಂತ ಹಣ ರೂ. 12 ಲಕ್ಷ, ಬ್ಯಾಂಕ್ ಸಾಲ ರೂ. 10 ಲಕ್ಷ, ಉಳಿದ ರೂ. 12 ಲಕ್ಷ ಮಾರಾಟಗಾರನಿಗೆ 24 ಕಂತುಗಳಲ್ಲಿ. ಹಿಂದಿನ ದರದಲ್ಲೇ ಬ್ಯಾಂಕಿನ ಕಂತು ಸುಮಾರು ರೂ. 21,700, ಮಾರಾಟಗಾರನದು ರೂ. 50 ಸಾವಿರ, ಒಟ್ಟು ರೂ. 71,700. ತಿಂಗಳಿಗೆ ರೂ. 1.2 ಲಕ್ಷ ಉಳಿಯುವುದು ನಿಜವಾದರೆ ಖರೀದಿದಾರನಿಗೆ ಸಂಸಾರಕ್ಕೆ ರೂ. 48 ಸಾವಿರ ಮಿಗುತ್ತದೆ. ಪುಸ್ತಕದ ರೂ. 60 ಸಾವಿರವೇ ನಿಜವಾದರೆ ಪ್ರತಿ ತಿಂಗಳೂ ರೂ. 11 ಸಾವಿರಕ್ಕೂ ಹೆಚ್ಚು ಹಣವನ್ನು ಕೈಯಿಂದ ಹಾಕಬೇಕು, ಊಟದ ಖರ್ಚು ಬೇರೆ. ಕೈ ಬದಲಾದ ಅಂಗಡಿ ವರ್ಷ ತುಂಬುವುದರೊಳಗೆ ಮತ್ತೆ ಜಾಹೀರಾತು ಪುಟಕ್ಕೆ ಮರಳುವುದು ಹೀಗೆ.

ಆದ್ದರಿಂದ ಕೊನೆಯ ಕೆಲವು ಕಂತುಗಳನ್ನು ವ್ಯಾಪಾರದ ಪ್ರಮಾಣಕ್ಕೆ ಜೋಡಿಸುವುದು ಎರಡೂ ಕಡೆಗೆ ನ್ಯಾಯವಾದ ಮಾರ್ಗ. ಹೇಳಿದಷ್ಟು ವ್ಯಾಪಾರವಾದರೆ ಪೂರ್ತಿ ಹಣ, ಆಗದಿದ್ದರೆ ಒಪ್ಪಿದ ಪ್ರಮಾಣದಲ್ಲಿ ಕಡಿತ. ಹಳೆಯ ಮಾಲೀಕರು ಎರಡು–ಮೂರು ತಿಂಗಳು ಜೊತೆಗಿದ್ದು ಅಡುಗೆಯವರನ್ನು, ಸರಬರಾಜುದಾರರನ್ನು, ನಿತ್ಯದ ಗಿರಾಕಿಗಳನ್ನು ಪರಿಚಯಿಸಬೇಕೆಂಬ ಷರತ್ತೂ ಒಪ್ಪಂದದಲ್ಲಿರುವುದು ಲೇಸು. ಮಾರಾಟಗಾರನಿಗೂ ಭದ್ರತೆ ಬೇಕು. ಮುಂದಿನ ದಿನಾಂಕದ ಚೆಕ್‌ಗಳು ರೂಢಿಯಲ್ಲಿವೆ. ಚೆಕ್ ಅಮಾನ್ಯವಾದರೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಂ ಅಡಿ ಮೊಕದ್ದಮೆ ಹೂಡಬಹುದು. ಆದರೆ ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆಂಬುದು ವ್ಯಾಪಾರಿಗಳಿಗೆ ತಿಳಿಯದ ವಿಷಯವಲ್ಲ. ಬಾಕಿ ಇರುವ ಮೊತ್ತಕ್ಕೆ ಕೊಟ್ಟ ಚೆಕ್ ಎಂಬುದನ್ನು ಸಾಬೀತುಪಡಿಸುವ ಲಿಖಿತ ಒಪ್ಪಂದವಿದ್ದರೆ ಆ ಚೆಕ್‌ಗೆ ಹೆಚ್ಚು ಬಲ.

ನಗದು ವ್ಯವಹಾರ ಇಲ್ಲಿಯೂ ತೊಡಕಾಗುತ್ತದೆ. ಒಂದೇ ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಸ್ವೀಕರಿಸುವುದನ್ನು 2017ರ ಏಪ್ರಿಲ್‌ನಿಂದಲೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಸ್ವೀಕರಿಸಿದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಮೂರನೆಯ ಕಕ್ಷಿದಾರ

ಮಾತುಕತೆಯ ಮೇಜಿನಲ್ಲಿ ಕಾಣದಿದ್ದರೂ ವ್ಯವಹಾರದ ಬೀಗದ ಕೈ ಹಿಡಿದಿರುವವನು ಕಟ್ಟಡದ ಮಾಲೀಕ. ರಾಜ್ಯದ ನಗರಗಳಲ್ಲಿ 11 ತಿಂಗಳ ಬಾಡಿಗೆ ಕರಾರು ಸಾಮಾನ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ ಕಾರಣ, ಖರ್ಚು ತಪ್ಪಿಸಲು ಇಬ್ಬರೂ ಕಂಡುಕೊಂಡ ದಾರಿ ಅದು. ಅವಧಿ ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಮುಂದುವರಿದರೆ ಅದು ತಿಂಗಳ ಬಾಡಿಗೆಯಾಗುತ್ತದೆ. ವ್ಯಾಪಾರಿ ಮಳಿಗೆಯ ಅಂತಹ ಬಾಡಿಗೆಯನ್ನು 15 ದಿನಗಳ ನೋಟಿಸ್‌ನಿಂದ ಕೊನೆಗೊಳಿಸಲು ಆಸ್ತಿ ವರ್ಗಾವಣೆ ಕಾಯ್ದೆ ಅವಕಾಶ ನೀಡುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ–1999ರ ರಕ್ಷಣೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದ ವಾಣಿಜ್ಯ ಮಳಿಗೆಗಳಿಗೆ ಇಲ್ಲ. ಒಂದು ಸಾಧಾರಣ ದರ್ಶಿನಿಯ ಅಡುಗೆಮನೆಯೇ ಅದಕ್ಕಿಂತ ದೊಡ್ಡದು.

ಬಾಡಿಗೆಯ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಾರದೆಂಬ ಷರತ್ತು ಈ ಕರಾರುಗಳಲ್ಲಿ ಸಾಮಾನ್ಯ. ಹೀಗಿರುವಾಗ ಹಳೆಯ ಕರಾರನ್ನು ನಂಬಿ ರೂ. 24 ಲಕ್ಷ ಗುಡ್‌ವಿಲ್ ಕೊಟ್ಟವನ ಸ್ಥಿತಿ ಮರಳಿನ ಮೇಲೆ ಕಟ್ಟಿದ ಮನೆಯದು. ಮಾರಾಟದ ಸುದ್ದಿ ತಿಳಿದೊಡನೆ ಕಟ್ಟಡದ ಮಾಲೀಕ ಬಾಡಿಗೆ ಏರಿಸಬಹುದು, ಮುಂಗಡ ಹೆಚ್ಚಿಸಬಹುದು. ಆದ್ದರಿಂದ ಅವನೊಂದಿಗೆ ಐದು ವರ್ಷಕ್ಕಾದರೂ ನೋಂದಾಯಿತ ಗುತ್ತಿಗೆ ಆಗುವವರೆಗೆ ಬೆಲೆಯ ದೊಡ್ಡ ಭಾಗ ಕೈಬಿಡದಿರುವುದು ಕ್ಷೇಮ. ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳ ವಿಷಯದಲ್ಲಿ ಈ ಮೂರನೆಯ ಕಕ್ಷಿದಾರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ನಿವೇಶನ ಗುತ್ತಿಗೆ ಹಂತದಲ್ಲೇ ಇದ್ದು ಪೂರ್ಣ ಕ್ರಯಪತ್ರ ಆಗಿರದಿದ್ದರೆ ಮಂಡಳಿಯ ಅನುಮತಿಯಿಲ್ಲದೆ ಹಸ್ತಾಂತರ ಸಾಧ್ಯವಿಲ್ಲ.

ಹಳೆಯ ಬಾಕಿ, ಹೊಸ ಹೆಗಲು

ಅಂಗಡಿಯೊಂದಿಗೆ ಅದರ ಸಾಲವೂ ಕೈ ಬದಲಾಗಬಹುದೆಂಬ ಅರಿವು ಖರೀದಿದಾರರಲ್ಲಿ ಕಡಿಮೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ, ವರ್ಗಾವಣೆಯ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವನೂ ಕೊಂಡವನೂ ಜಂಟಿಯಾಗಿ ಹೊಣೆ. ಆ ಬಾಕಿ ವರ್ಗಾವಣೆಗೆ ಮೊದಲೇ ನಿರ್ಧಾರವಾಗಿರಬೇಕೆಂದೇನೂ ಇಲ್ಲ. ಆನಂತರ ನಿರ್ಧಾರವಾದರೂ ಹೊಣೆ ತಪ್ಪದು. ವಿದ್ಯುತ್ ಬಾಕಿಯದೂ ಇದೇ ಕತೆ. ಹಿಂದಿನ ಮಾಲೀಕ ಉಳಿಸಿಹೋದ ಬಾಕಿಯನ್ನು ತೀರಿಸಿದರೆ ಮಾತ್ರ ಹೊಸ ಸಂಪರ್ಕವೆಂಬ ಷರತ್ತನ್ನು ನಿಯಮಗಳು ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಸಾಲ ತೀರಿಸದ ಘಟಕಗಳನ್ನು ಹಣಕಾಸು ಸಂಸ್ಥೆಗಳು ‘ಇದ್ದಂತೆಯೇ’ ಹರಾಜು ಹಾಕುವಾಗ ಅಗ್ಗವೆಂದು ಕೊಳ್ಳುವವರು ಗಮನಿಸಬೇಕಾದ ತೀರ್ಪು ಇದು.

ಕಾರ್ಮಿಕರ ವಿಷಯ ಇನ್ನೂ ಸೂಕ್ಷ್ಮ. ಹದಿನೈದು ವರ್ಷ ದುಡಿದ ಭಟ್ಟರಿಗೋ ಯಂತ್ರ ನಡೆಸುವವರಿಗೋ ಸಲ್ಲಬೇಕಾದ ಗ್ರಾಚ್ಯುಟಿ, ಭವಿಷ್ಯನಿಧಿಯ ಬಾಕಿ ಯಾರ ಪಾಲಿಗೆ ಎಂಬುದನ್ನು ಒಪ್ಪಂದದಲ್ಲಿ ಬರೆಯದಿದ್ದರೆ ಅದು ಮುಂದೆ ಜಗಳಕ್ಕೆ ಕಾರಣವಾಗುತ್ತದೆ. ಹೆಸರುವಾಸಿಯಾದ ಹೋಟೆಲಿನ ಹೆಸರು ಉಳಿದಿರುವುದು ಬಹುಪಾಲು ಆ ಭಟ್ಟರ ಕೈಗುಣದಿಂದಲೇ. ಅವರು ಹೊರಟುಹೋದರೆ ಗುಡ್‌ವಿಲ್ ಕೂಡ ಅವರ ಹಿಂದೆಯೇ ಹೊರಡುತ್ತದೆ.

ತೆರಿಗೆಯ ವಿಷಯದಲ್ಲಿ ಇಬ್ಬರ ಹಿತಾಸಕ್ತಿಗಳೂ ಬೇರೆ ಬೇರೆ. ಹೆಚ್ಚು ಭಾಗವನ್ನು ಗುಡ್‌ವಿಲ್ ಎಂದು ತೋರಿಸುವುದು ಮಾರಾಟಗಾರನಿಗೆ ಅನುಕೂಲ. ಎರಡು ವರ್ಷಕ್ಕಿಂತ ಹಳೆಯ ಗುಡ್‌ವಿಲ್‌ನ ಲಾಭ ದೀರ್ಘಾವಧಿಯದೆನಿಸಿ ಶೇ 12.5ರ ತೆರಿಗೆಗೆ ಒಳಪಡುತ್ತದೆ. ಸವಕಳಿ ಪಡೆದ ಯಂತ್ರಗಳ ಲಾಭಕ್ಕೆ ಆ ರಿಯಾಯಿತಿಯಿಲ್ಲ. ಖರೀದಿದಾರನಿಗೆ ಇದು ತಿರುಗುಮುರುಗು. 2021ರ ಹಣಕಾಸು ಕಾಯ್ದೆ ಗುಡ್‌ವಿಲ್ ಮೇಲಿನ ಸವಕಳಿಯನ್ನು ರದ್ದುಪಡಿಸಿದ್ದರಿಂದ, ಯಂತ್ರಗಳಿಗೆ ಹೆಚ್ಚು ಬೆಲೆ ತೋರಿಸಿದಷ್ಟೂ ಅವನಿಗೆ ಮುಂದಿನ ವರ್ಷಗಳಲ್ಲಿ ತೆರಿಗೆ ಉಳಿಯುತ್ತದೆ. ಒಟ್ಟು ಬೆಲೆಯ ಜೊತೆಗೆ ಅದರ ವಿಂಗಡಣೆಯೂ ಚೌಕಾಸಿಯ ವಿಷಯವಾಗುವುದು ಇದರಿಂದಲೇ.

ಇಡೀ ಉದ್ಯಮವನ್ನು ನಡೆಯುತ್ತಿರುವ ಸ್ಥಿತಿಯಲ್ಲೇ ವರ್ಗಾಯಿಸಿದರೆ 2017ರ ಅಧಿಸೂಚನೆಯ ಪ್ರಕಾರ ಜಿಎಸ್‌ಟಿ ವಿನಾಯಿತಿ ಇದೆ. ಬಿಡಿಬಿಡಿಯಾಗಿ ಯಂತ್ರ, ದಾಸ್ತಾನು ಮಾರಿದರೆ ತೆರಿಗೆ ಬೀಳುತ್ತದೆ. ಹೊಸ ಮಾಲೀಕ ಹೊಸದಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕು. ಹಳೆಯ ಘಟಕದಲ್ಲಿ ಬಳಕೆಯಾಗದೆ ಉಳಿದ ಹೂಡುವಳಿ ತೆರಿಗೆ ಜಮೆಯನ್ನು ‘ಐಟಿಸಿ–02’ ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬಹುದು. ಅದಕ್ಕೂ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು, ಅಂದರೆ ಮತ್ತೆ ಪುಸ್ತಕಕ್ಕೇ ಬಂದು ನಿಲ್ಲಬೇಕು.

ಯುಪಿಐ ತೆರೆದ ಪುಸ್ತಕ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ವಿವರ ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಎದ್ದ ಕೋಲಾಹಲ ಇನ್ನೂ ನೆನಪಿನಲ್ಲಿದೆ. ವಾರ್ಷಿಕ ವಹಿವಾಟು ಸರಕುಗಳಿಗೆ ರೂ. 40 ಲಕ್ಷ, ಸೇವೆಗಳಿಗೆ ರೂ. 20 ಲಕ್ಷ ಮೀರಿದ್ದರೂ ನೋಂದಣಿ ಪಡೆದಿಲ್ಲವೆಂಬುದು ಇಲಾಖೆಯ ವಾದವಾಗಿತ್ತು. 2021–22ರಿಂದ ನಾಲ್ಕು ವರ್ಷಗಳ ಲೆಕ್ಕ ಕೇಳಲಾಗಿತ್ತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಯುಪಿಐ ಫಲಕ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಬಂದ್ ಕರೆಯ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳೊಂದಿಗೆ ಸಭೆ ನಡೆಸಿದರು. ಹಳೆಯ ಬಾಕಿಯ ವಸೂಲಿಯಲ್ಲಿ ಸರ್ಕಾರ ಮೃದು ನಿಲುವು ತಳೆದು ನೋಂದಣಿಗೆ ಒತ್ತು ನೀಡಿತು.

ಆ ವಿವಾದದ ಗದ್ದಲದಲ್ಲಿ ಒಂದು ಅಂಶ ಹಿಂದೆ ಸರಿಯಿತು. ಇದೇ ಯುಪಿಐ ದಾಖಲೆ ಸಣ್ಣ ಅಂಗಡಿಯ ಮಾಲೀಕನಿಗೆ ಮೊದಲ ಬಾರಿಗೆ ಸುಳ್ಳೆನ್ನಲಾಗದ ಲೆಕ್ಕದ ಪುಸ್ತಕವನ್ನೂ ಕೊಟ್ಟಿದೆ. ದಿನಕ್ಕೆ ಇಷ್ಟು ವ್ಯಾಪಾರವಾಗುತ್ತದೆಂದು ಆಣೆ ಮಾಡಿ ಹೇಳಬೇಕಾಗಿಲ್ಲ, ಬ್ಯಾಂಕ್ ಖಾತೆಯ ವಿವರವೇ ಹೇಳುತ್ತದೆ. ಯಾವ ವಾರ ಗಿರಾಕಿ ಹೆಚ್ಚು, ಯಾವ ತಿಂಗಳು ಕಡಿಮೆ, ಮಾರಾಟದ ಮಾತು ಆರಂಭವಾದ ಮೇಲೆ ವ್ಯಾಪಾರವನ್ನು ಕೃತಕವಾಗಿ ಉಬ್ಬಿಸಲಾಯಿತೇ ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ನೋಟಿಸ್‌ಗೆ ಹೆದರಿ ಯುಪಿಐ ಫಲಕ ತೆಗೆದ ವ್ಯಾಪಾರಿ ತೆರಿಗೆಯಿಂದ ತಪ್ಪಿಸಿಕೊಂಡನೋ ಇಲ್ಲವೋ, ತನ್ನ ಅಂಗಡಿಯ ಮಾರಾಟದ ಬೆಲೆಯನ್ನಂತೂ ತಾನೇ ತಗ್ಗಿಸಿಕೊಂಡ.

ಖರೀದಿದಾರನಿಗೂ ಇಲ್ಲಿ ಪಾಠವಿದೆ. ನೋಂದಣಿ ಪಡೆಯದೆ ಮಿತಿ ಮೀರಿ ವ್ಯಾಪಾರ ನಡೆಸಿದ ಅಂಗಡಿಯನ್ನು ಕೊಂಡವನಿಗೆ ಹಿಂದಿನ ವರ್ಷಗಳ ನೋಟಿಸ್ ನಾಳೆ ಬರಬಹುದು. ಪುಸ್ತಕದಿಂದ ಹೊರಗಿಟ್ಟ ವಹಿವಾಟು ಹೀಗೆ ಎರಡು ಬಗೆಯಲ್ಲಿ ಹೊರೆ. ಬೆಲೆ ಕೇಳುವಾಗ ಅದು ಲಾಭ, ನೋಟಿಸ್ ಬಂದಾಗ ಸಾಲ. ಒಪ್ಪಂದದಲ್ಲಿ ಹಳೆಯ ತೆರಿಗೆಯ ಹೊಣೆ ಮಾರಾಟಗಾರನದೆಂದು ಬರೆಸಿಕೊಳ್ಳಬಹುದು. ಅದಕ್ಕಿಂತ ಗಟ್ಟಿಯಾದ ಭದ್ರತೆಯೆಂದರೆ ಬೆಲೆಯ ಒಂದು ಭಾಗವನ್ನು ನಿಗದಿತ ಅವಧಿಯವರೆಗೆ ತಡೆಹಿಡಿಯುವುದು.

ಬೇರೆಡೆ ಹೇಗೆ?

ಹಸ್ತಾಂತರವನ್ನೇ ಸಾಲಕ್ಕೆ ಅರ್ಹವಾದ ಉದ್ದೇಶವೆಂದು ಒಪ್ಪಿಕೊಂಡ ದೇಶಗಳಿವೆ. ಅಮೆರಿಕದ ಸಣ್ಣ ಉದ್ಯಮ ಆಡಳಿತ ಸಂಸ್ಥೆಯ ‘7(ಎ)’ ಖಾತರಿ ಯೋಜನೆಯಲ್ಲಿ 50 ಲಕ್ಷ ಡಾಲರ್‌ವರೆಗಿನ ಸಾಲವನ್ನು ನಡೆಯುತ್ತಿರುವ ಉದ್ಯಮದ ಖರೀದಿಗೂ ಬಳಸಬಹುದು. ಪೂರ್ಣ ಖರೀದಿಯಲ್ಲಿ ಒಟ್ಟು ವೆಚ್ಚದ ಕನಿಷ್ಠ ಶೇ 10ರಷ್ಟು ಸ್ವಂತ ಬಂಡವಾಳ ಇರಬೇಕು. ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು ಮಾರಾಟಗಾರ ಬಾಕಿ ಬಿಟ್ಟ ಮೊತ್ತದ ಒಂದು ಭಾಗವನ್ನೂ ಅದರಲ್ಲಿ ಪರಿಗಣಿಸಲಾಗುತ್ತದೆ.

ಜಪಾನಿನ ಅನುಭವ ಇನ್ನೂ ಗಂಭೀರ. 2025ರ ಹೊತ್ತಿಗೆ ಅಲ್ಲಿ 70 ವರ್ಷ ಮೀರುವ ಸಣ್ಣ ಮತ್ತು ಮಧ್ಯಮ ಉದ್ಯಮಿಗಳ ಸಂಖ್ಯೆ ಸುಮಾರು 24.5 ಲಕ್ಷ, ಅವರಲ್ಲಿ ಅರ್ಧದಷ್ಟು ಮಂದಿಗೆ ಉತ್ತರಾಧಿಕಾರಿ ನಿಶ್ಚಯವಾಗಿಲ್ಲ ಎಂದು ಸರ್ಕಾರ ವರ್ಷಗಳ ಹಿಂದೆಯೇ ಅಂದಾಜಿಸಿತ್ತು. ಲಾಭದಲ್ಲಿರುವ ಉದ್ಯಮಗಳೂ ವಾರಸುದಾರರಿಲ್ಲದೆ ಮುಚ್ಚುವುದನ್ನು ತಡೆಯಲು 47 ಪ್ರಾಂತ್ಯಗಳಲ್ಲೂ ಮಾರುವವರನ್ನು–ಕೊಳ್ಳುವವರನ್ನು ಕೂಡಿಸುವ ಸರ್ಕಾರಿ ಕೇಂದ್ರಗಳನ್ನು ಅಲ್ಲಿ ತೆರೆಯಲಾಗಿದೆ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ಮಾರಾಟಕ್ಕಿರುವ ಘಟಕಗಳ ಪಟ್ಟಿ, ಮಾದರಿ ಒಪ್ಪಂದ, ತೆರಿಗೆ ಬಾಕಿ ಇಲ್ಲವೆಂಬ ದೃಢೀಕರಣ ಒಂದೇ ಕಡೆ ದೊರೆಯುವಂತಾದರೆ ಅರ್ಧ ತೊಡಕು ಬಗೆಹರಿಯುತ್ತದೆ. ಸಹಾಯಧನದ ಯೋಜನೆಗಳು ಉಳಿಸಿದ ಉದ್ಯೋಗವನ್ನೂ ಸೃಷ್ಟಿಸಿದ ಉದ್ಯೋಗದಂತೆಯೇ ಎಣಿಸುವುದು ಇನ್ನೊಂದು ಅಗತ್ಯ.

ಆದರೆ ಸರ್ಕಾರ ಮಾಡಲಾಗದ ಕೆಲಸವೊಂದಿದೆ. ನಿವೃತ್ತಿಯ ಆಲೋಚನೆಯಿರುವ ಮಾಲೀಕ ಕನಿಷ್ಠ ಮೂರು ವರ್ಷ ಮೊದಲೇ ತನ್ನ ಇಡೀ ವಹಿವಾಟನ್ನು ಪುಸ್ತಕಕ್ಕೆ ತರಬೇಕು. ಆ ಮೂರು ವರ್ಷ ಕಟ್ಟುವ ಹೆಚ್ಚುವರಿ ತೆರಿಗೆ ಸದ್ಯಕ್ಕೆ ನಷ್ಟವೆನಿಸಿದರೂ, ಮಾರಾಟದ ದಿನ ಅದೇ ಕಾಗದಗಳು ಖರೀದಿದಾರನಿಗೆ ಬ್ಯಾಂಕ್ ಸಾಲ ಕೊಡಿಸಿ ಮಾಲೀಕನ ಬೆಲೆಯನ್ನು ಎತ್ತಿಹಿಡಿಯುತ್ತವೆ. ಮೂವತ್ತು ವರ್ಷದ ದುಡಿಮೆ ಕೊನೆಗೆ ಪಾತ್ರೆ–ಕಪಾಟಿನ ಬೆಲೆಗೆ ಹೋಗಬೇಕೇ, ಹೆಸರಿನ ಬೆಲೆಗೆ ಹೋಗಬೇಕೇ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.